ಮರೆತುಬಿಡು ಎನ್ನಬೇಡಿ

ಯುದ್ಧಭೂಮಿಯಿಂದ ಮನೆಗೆ ಮರಳಿದ ಮಾತ್ರಕ್ಕೆ ಸೈನಿಕನ ಯುದ್ಧ ಮುಗಿಯುವುದಿಲ್ಲ. ಬಾಗಿಲು ದಢಾರನೆ ಬಡಿದರೆ ಬೆಚ್ಚುವುದು, ನಡುರಾತ್ರಿ ಕೂಗಿ ಏಳುವುದು, ಕಾರಣವಿಲ್ಲದೆ ಮಕ್ಕಳ ಮೇಲೆ ರೇಗುವುದು, ನಾಲ್ಕು ಜನ ಸೇರುವಲ್ಲಿಗೆ ಹೋಗದಿರುವುದು ತಿಂಗಳುಗಟ್ಟಲೆ ಮುಂದುವರಿದರೆ ಅದನ್ನು ಸ್ವಭಾವದೋಷವೆಂದು ತಳ್ಳಿಹಾಕಬಾರದು. ಅದು ಕಾಯಿಲೆಯಿರಬಹುದು. ಅಮೆರಿಕದ ಮನೋವೈದ್ಯರು 1980ರಲ್ಲಿ ಇದನ್ನು ‘ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್’ ಎಂಬ ಹೆಸರಿನಲ್ಲಿ ತಮ್ಮ ರೋಗಪಟ್ಟಿಗೆ ಸೇರಿಸಿದರು.

‘ಆದದ್ದು ಆಯಿತು, ಮರೆತುಬಿಡಿ’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಚಿಕಿತ್ಸೆ ಇದಕ್ಕೆ ತದ್ವಿರುದ್ಧ. ಕೀವು ತುಂಬಿದ ಹುಣ್ಣಿಗೆ ಮೇಲಿಂದ ಪಟ್ಟಿ ಕಟ್ಟಿದರೆ ಆಗುತ್ತದೆಯೇ? ಸುರಕ್ಷಿತ ಕೋಣೆಯಲ್ಲಿ, ನುರಿತ ಚಿಕಿತ್ಸಕರ ಎದುರು ಅದೇ ಘಟನೆಯನ್ನು ಮತ್ತೆ ಮತ್ತೆ ಹೇಳಿಸಬೇಕು. ನೆನಪೇ ಅಪಾಯವಲ್ಲ ಎಂಬುದನ್ನು ಮನಸ್ಸು ನಿಧಾನವಾಗಿ ಕಲಿಯುತ್ತದೆ.

ಕೆಲವರಿಗೆ ನೆನಪನ್ನು ಕಣ್ಣೆದುರು ತಂದುಕೊಳ್ಳಲೂ ಆಗುವುದಿಲ್ಲ. ಅಂಥವರಿಗಾಗಿ 1997ರಲ್ಲಿ ಅಟ್ಲಾಂಟಾದ ಮನಶ್ಶಾಸ್ತ್ರಜ್ಞೆ ಬಾರ್ಬರಾ ರಾಥ್‌ಬಾಮ್ ಮತ್ತು ಕಂಪ್ಯೂಟರ್ ತಜ್ಞ ಲ್ಯಾರಿ ಹಾಡ್ಜಸ್ ತಂಡದವರು ‘ವರ್ಚುಯಲ್ ವಿಯೆಟ್ನಾಂ’ ಬಳಸತೊಡಗಿದರು. ಕಣ್ಣಿಗೆ ಪರದೆಯುಳ್ಳ ಹೆಲ್ಮೆಟ್ ತೊಟ್ಟ ಮಾಜಿ ಸೈನಿಕ ಮತ್ತೆ ಹೆಲಿಕಾಪ್ಟರಿನಲ್ಲಿ ಕೂರುತ್ತಾನೆ, ಕಾಡಿನ ನಡುವಿನ ಬಯಲಿಗೆ ಇಳಿಯುತ್ತಾನೆ. ಮುಂದೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಕಿಪ್ ರಿಜೊ ಇರಾಕಿನ ರಸ್ತೆಗಳನ್ನೂ ಹೀಗೆಯೇ ಸೃಷ್ಟಿಸಿದರು. ಅದರಲ್ಲಿ ಸ್ಫೋಟದೊಡನೆ ಕಾಲಡಿಯ ಹಲಗೆ ನಡುಗುತ್ತದೆ, ಸುಟ್ಟ ರಬ್ಬರಿನ ವಾಸನೆಯೂ ಬರುತ್ತದೆ! ಪಕ್ಕದಲ್ಲಿ ಕುಳಿತ ಚಿಕಿತ್ಸಕರು ರೋಗಿ ತಾಳಿಕೊಳ್ಳುವಷ್ಟನ್ನೇ ಹಂತಹಂತವಾಗಿ ಹೆಚ್ಚಿಸುತ್ತಾರೆ.

ಯಂತ್ರಕ್ಕೆ ಮಾರುಹೋಗಬೇಡಿ. 162 ಅಮೆರಿಕನ್ ಸೈನಿಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಲ್ಮೆಟ್ ತೊಟ್ಟವರೂ ಗುಣ ಕಂಡರು, ಕಣ್ಣುಮುಚ್ಚಿ ಬಾಯಿಂದ ಹೇಳಿದವರೂ ಗುಣ ಕಂಡರು. ಹೆಲ್ಮೆಟ್ಟಿನಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ಊರುಗೋಲು ಮಾತ್ರ. ಹೆಜ್ಜೆಯಿಡಲಾಗದವರಿಗೆ ಅಷ್ಟೂ ದೊಡ್ಡದೇ.

ನನ್ನಂಥ ಸಾಮಾನ್ಯ ವೈದ್ಯರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 2014ರಲ್ಲಿ ಪ್ರಕಟವಾದ ರಾಥ್‌ಬಾಮ್ ಅವರ ಅಧ್ಯಯನದಲ್ಲಿ, ಈ ಚಿಕಿತ್ಸೆಗೆ ಕೂರುವ ಮುನ್ನ ಅಲ್ಪ್ರಜೋಲಾಮ್ ಎಂಬ ಶಮನಕಾರಿ ಮಾತ್ರೆ ನುಂಗಿದವರಲ್ಲಿ ಮೂರು ತಿಂಗಳ ನಂತರ ಕಾಯಿಲೆ ಹೆಚ್ಚಾಗಿ ಉಳಿದಿತ್ತು. ಔಷಧವಿಲ್ಲದ ತೋರಿಕೆಯ ಮಾತ್ರೆ ಪಡೆದವರೇ ವಾಸಿ. ಭಯವನ್ನು ಮಂಕುಗೊಳಿಸಿದರೆ ಮನಸ್ಸು ಕಲಿಯುವುದೇನನ್ನು? ‘ನಿದ್ದೆಗೊಂದು ಮಾತ್ರೆ ಬರೆದುಕೊಡಿ ಡಾಕ್ಟ್ರೇ, ಸಾಕು’ ಎನ್ನುವ ಮನೆಯವರಿಗೆ ಈ ಮಾತು ಹಿಡಿಸದು. ಈಗಾಗಲೇ ಇಂಥ ಮಾತ್ರೆ ಸೇವಿಸುತ್ತಿರುವವರು ತಾವಾಗಿ ಒಮ್ಮೆಲೇ ನಿಲ್ಲಿಸಬಾರದು, ಅದೂ ಅಪಾಯ. ವೈದ್ಯರ ಸಲಹೆಯಂತೆ ಕ್ರಮೇಣ ಇಳಿಸಬೇಕು.

ನಿಮ್ಮ ಮನೆಯಲ್ಲಿ ಇಂಥ ಯೋಧರಿದ್ದರೆ ಮನೋವೈದ್ಯರಿಗೆ ತೋರಿಸಿ. ಅಂಗಡಿಯಲ್ಲಿ ಸಿಗುವ ಆಟದ ಹೆಲ್ಮೆಟ್ ತಂದು ಯುದ್ಧದ ಆಟ ತೋರಿಸುವ ಸಾಹಸ ಬೇಡ. ಪಕ್ಕದಲ್ಲಿ ಚಿಕಿತ್ಸಕರಿಲ್ಲದಿದ್ದರೆ ಹಳೆಯ ಭಯವಷ್ಟೇ ಮರುಕಳಿಸೀತು.