ಮೂವತ್ತನಾಲ್ಕು ರೂಪಾಯಿಯ ಡಿವಿಡಿ ಮತ್ತು ಕನ್ನಡದ ಲೆಕ್ಕ

ಪೈಪೋಟಿಯಿದ್ದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ಗಿರಾಕಿಗೆ ಲಾಭ. ಈ ಮಾತನ್ನು ನಾವು ಗಾದೆಯಷ್ಟು ಸಲೀಸಾಗಿ ಒಪ್ಪಿಕೊಂಡುಬಿಟ್ಟಿದ್ದೇವೆ. ಮನೆಯಲ್ಲಿ ಕುಳಿತು ಸಿನಿಮಾ ನೋಡಲೆಂದು ಬಂದ ಡಿಸ್ಕ್‌ಗಳ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಈ ಮಾತಿನ ಮೊದಲರ್ಧ ಬಹುಮಟ್ಟಿಗೆ ನಿಜವೆನ್ನಿಸುತ್ತದೆ. ಎರಡನೆಯ ಅರ್ಧ ಮಾತ್ರ ಯಾವ ಗಿರಾಕಿ, ಯಾವ ಭಾಷೆಯ ಗಿರಾಕಿ ಎಂಬುದನ್ನು ಅವಲಂಬಿಸಿದೆ. ದೆಹಲಿಯ ಹಿಂದಿ ಪ್ರೇಕ್ಷಕನಿಗೆ ಲಾಭವಾದದ್ದು ಅದೇ ದೆಹಲಿಯ ಪೀತಮ್‌ಪುರದಲ್ಲಿ ವಾಸಿಸುವ ಕನ್ನಡ ಕುಟುಂಬಕ್ಕೆ ಲಾಭವಾಗಲಿಲ್ಲ ಎಂಬುದು ನನ್ನ ವಾದ. ಡಿಸ್ಕ್‌ಗಳ ಕಾಲ ಮುಗಿದ ಮೇಲೆ ಇದನ್ನೇಕೆ ಎತ್ತಬೇಕು ಎಂದು ಕೇಳಬಹುದು. ಅಂದು ನಡೆದದ್ದೇ ಇಂದು ಬೇರೆ ವೇಷದಲ್ಲಿ ನಡೆಯುತ್ತಿದೆ, ಅದಕ್ಕಾಗಿ ಎತ್ತಿದ್ದೇನೆ.

ಜಗತ್ತಿನ ದೊಡ್ಡ ಕದನಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ ಬಂತು, ಜೆವಿಸಿಯ ವಿಎಚ್‌ಎಸ್ 1976ರಲ್ಲಿ. ಒಂದರ ಕ್ಯಾಸೆಟ್ಟು ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಬೀಟಾಮ್ಯಾಕ್ಸ್ ಕೊಂಡವರು ಕೊನೆಗೆ ಸೋತ ಪಕ್ಷದವರಾದರು. ಆ ಪಾಠ ನೆನಪಿದ್ದುದರಿಂದಲೋ ಏನೋ, ಡಿವಿಡಿಯ ಸರದಿ ಬಂದಾಗ ಸೋನಿ ಮತ್ತು ಫಿಲಿಪ್ಸ್ ಒಂದು ಕಡೆ, ತೋಷಿಬಾ ಮತ್ತು ಟೈಮ್ ವಾರ್ನರ್ ಇನ್ನೊಂದು ಕಡೆ ನಿಂತಿದ್ದರೂ 1995ರಲ್ಲಿ ರಾಜಿಯಾಗಿ ಒಂದೇ ಮಾದರಿಗೆ ಒಪ್ಪಿಕೊಂಡವು. 1996ರ ಕೊನೆಗೆ ಜಪಾನಿನಲ್ಲಿ ಮೊದಲ ಡಿವಿಡಿ ಯಂತ್ರಗಳು ಮಾರಾಟಕ್ಕೆ ಬಂದವು. ಹತ್ತು ವರ್ಷಗಳ ಬಳಿಕ ಮತ್ತೆ ಜಗಳ ಹತ್ತಿತು. ಈ ಸಲ ತೋಷಿಬಾದ ಎಚ್‌ಡಿ ಡಿವಿಡಿ ಮತ್ತು ಸೋನಿಯ ಬ್ಲೂ-ರೇ ಎದುರಾಳಿಗಳು. 2006ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ತೋಷಿಬಾದ ಯಂತ್ರಕ್ಕೆ 499 ಡಾಲರ್, ಸ್ಯಾಮ್‌ಸಂಗ್‌ನ ಬ್ಲೂ-ರೇ ಯಂತ್ರಕ್ಕೆ 999 ಡಾಲರ್. 2007ರ ನವೆಂಬರಿನಲ್ಲಿ ಅಲ್ಲಿನ ದೊಡ್ಡ ಮಳಿಗೆಗಳು ತೋಷಿಬಾದ ಒಂದು ಮಾದರಿಯನ್ನು ನೂರು ಡಾಲರಿಗೂ ಕಡಿಮೆಗೆ ಮಾರಿದವು. 2008ರ ಜನವರಿಯಲ್ಲಿ ವಾರ್ನರ್ ಸಂಸ್ಥೆ ಬ್ಲೂ-ರೇ ಕಡೆಗೆ ವಾಲಿತು. ಫೆಬ್ರವರಿ 19ರಂದು ತೋಷಿಬಾ ಸೋಲೊಪ್ಪಿತು. ಬೆಲೆ ಇಳಿದದ್ದು ನಿಜವೇ. ಆದರೆ ನೂರು ಡಾಲರಿಗೆ ಕೊಂಡವನ ಕೈಯಲ್ಲಿ ಮೂರು ತಿಂಗಳಿಗೆ ಉಳಿದದ್ದು ಹೊಸ ಚಿತ್ರಗಳೇ ಬಾರದ ಯಂತ್ರ. ಅದು ಕಂಪನಿಯೊಂದು ಮುಳುಗುವ ಮುನ್ನ ಭಾರ ಇಳಿಸಿಕೊಳ್ಳಲು ಮಾಡಿದ ಬೆಲೆ. ಡಿವಿಡಿ ಯಂತ್ರದ ಬೆಲೆ ಇಳಿದ ಬಗೆ ಬೇರೆ. ಒಂದೇ ಮಾದರಿಯನ್ನು ನೂರಾರು ಕಾರ್ಖಾನೆಗಳು ಮಾಡತೊಡಗಿದವು. ಅದು ಇಳಿದದ್ದು ಇಳಿದೇ ಉಳಿಯಿತು. ಮಾದರಿಗಳ ನಡುವಣ ಪೈಪೋಟಿಗೂ ಒಂದೇ ಮಾದರಿಯೊಳಗಿನ ಪೈಪೋಟಿಗೂ ಇರುವ ಈ ವ್ಯತ್ಯಾಸವನ್ನು ಮರೆತು ಮಾತನಾಡುವುದರಿಂದಲೇ ಗೊಂದಲವಾಗುವುದು.

ನಮ್ಮ ದೇಶದಲ್ಲಿ ಈ ಎಚ್‌ಡಿ ಕದನದ ಸದ್ದು ಅಷ್ಟಾಗಿ ಕೇಳಲೇ ಇಲ್ಲ. ಇಲ್ಲಿನ ಎದುರಾಳಿಗಳು ವಿಸಿಡಿ ಮತ್ತು ಡಿವಿಡಿ. ವಿಸಿಡಿ 1993ರಲ್ಲಿ ರೂಪುಗೊಂಡ ಬಡ ಮಾದರಿ. ಚಿತ್ರದ ಸ್ಪಷ್ಟತೆ ಕಡಿಮೆ, ಒಂದು ಡಿಸ್ಕ್‌ಗೆ ಎಪ್ಪತ್ತು ಚಿಲ್ಲರೆ ನಿಮಿಷ. ಎರಡೂವರೆ ಗಂಟೆಯ ಭಾರತೀಯ ಸಿನಿಮಾಕ್ಕೆ ಎರಡೋ ಮೂರೋ ಡಿಸ್ಕ್ ಬೇಕು. ನಾಯಕಿ ಕಣ್ಣೀರು ಹಾಕುತ್ತಿರುವಾಗಲೇ ಎದ್ದು ಹೋಗಿ ಡಿಸ್ಕ್ ಬದಲಿಸಬೇಕು. ಪಶ್ಚಿಮದ ದೇಶಗಳು ಅದನ್ನು ಕಡೆಗಣಿಸಿದವು. ಏಷ್ಯಾ ಅಪ್ಪಿಕೊಂಡಿತು. ಆದರೆ ಇಲ್ಲಿ ನಡೆದದ್ದನ್ನು ಕದನವೆನ್ನುವುದಕ್ಕಿಂತ ಮೆಟ್ಟಿಲೆನ್ನುವುದು ಸರಿ, ಏಕೆಂದರೆ ಡಿವಿಡಿ ಯಂತ್ರದಲ್ಲಿ ವಿಸಿಡಿಯೂ ಓಡುತ್ತಿತ್ತು. ಮೇಲಿನ ಮೆಟ್ಟಿಲು ಹತ್ತಿದವನು ಕೆಳಗಿನದನ್ನು ಕಳೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಬೀಟಾಮ್ಯಾಕ್ಸ್ ಕೊಂಡವನ ಅಂಜಿಕೆ ನಮ್ಮವರಿಗೆ ಬರಲಿಲ್ಲ.

ಬೆಲೆಯ ನಿಜವಾದ ಸ್ಫೋಟ ಸಂಭವಿಸಿದ್ದು ನಮ್ಮ ಯಮುನೆಯ ಆಚೆ ದಡದಲ್ಲಿ. 1983ರಲ್ಲಿ ದೀಪಕ್ ಪುರಿಯವರು ದೆಹಲಿಯಲ್ಲಿ ಆರಂಭಿಸಿದ ಮೋಸರ್ ಬೇರ್ ಕಂಪನಿ ಸಮಯ ದಾಖಲಿಸುವ ಯಂತ್ರಗಳಿಂದ ಶುರುಮಾಡಿ, ಫ್ಲಾಪಿಗಳಿಗೆ ಬಂದು, ಮುಂದೆ ನೋಯ್ಡಾ ಮತ್ತು ಗ್ರೇಟರ್ ನೋಯ್ಡಾದ ಕಾರ್ಖಾನೆಗಳಲ್ಲಿ ಖಾಲಿ ಸಿಡಿ, ಡಿವಿಡಿಗಳನ್ನು ತಯಾರಿಸಿ ಜಗತ್ತಿಗೆಲ್ಲ ಮಾರುತ್ತಿತ್ತು. ಖಾಲಿ ಡಿಸ್ಕ್‌ನ ಲಾಭ ಕುಸಿಯುತ್ತಿದ್ದ ಹೊತ್ತಿಗೆ ಅದು ಸಿನಿಮಾ ತುಂಬಿದ ಡಿಸ್ಕ್ ಮಾರಲು ಹೊರಟಿತು. ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ. ಅಲ್ಲಿಯತನಕ ಅಸಲಿ ಡಿವಿಡಿ ಎಂದರೆ ನೂರು ರೂಪಾಯಿ ದಾಟಿದ ಮಾತು. ಅಸಲಿಯನ್ನು ನಕಲಿಯ ಬೆಲೆಗೇ ಕೊಟ್ಟರೆ ಗಿರಾಕಿ ನಕಲಿಯನ್ನೇಕೆ ಕೊಳ್ಳುತ್ತಾನೆ ಎಂಬುದು ಅವರ ಲೆಕ್ಕ. ಅವರ ನಿಜವಾದ ಎದುರಾಳಿಗಳು ಮುಂಬಯಿಯ ವಿಡಿಯೊ ಕಂಪನಿಗಳಲ್ಲ, ಪಾಲಿಕಾ ಬಜಾರಿನ ನೆಲಮಾಳಿಗೆಯ ನಕಲಿ ಡಿಸ್ಕ್‌ಗಳು. ಕಂಪನಿ ಸಂಗೀತದ ಅಂಗಡಿಗಳನ್ನಷ್ಟೇ ನೆಚ್ಚದೆ ಬೀದಿಯ ದಿನಸಿ ಅಂಗಡಿಗಳನ್ನೂ ಗುರಿಯಾಗಿಸಿತು. ಉಳಿದ ಕಂಪನಿಗಳೂ ಬೆಲೆ ಇಳಿಸಬೇಕಾಯಿತು.

ಆ ಎರಡು ಬೆಲೆಗಳ ನಡುವಣ ಅಂತರವನ್ನು ಗಮನಿಸಬೇಕು. ಕೇವಲ ಆರು ರೂಪಾಯಿ. ಒಳ್ಳೆಯದಕ್ಕೂ ಸಾಧಾರಣದ್ದಕ್ಕೂ ಆರೇ ರೂಪಾಯಿಯ ವ್ಯತ್ಯಾಸವಿಟ್ಟಾಗ ಸಾಧಾರಣದ್ದಕ್ಕೆ ಉಳಿಗಾಲವೆಲ್ಲಿ? ವಿಸಿಡಿಯನ್ನು ಬದಿಗೆ ಸರಿಸಿದ್ದರಲ್ಲಿ ತಂತ್ರಜ್ಞಾನದಷ್ಟೇ ಈ ಆರು ರೂಪಾಯಿಯ ಪಾಲೂ ಇದೆಯೆಂದು ನನ್ನ ಅನಿಸಿಕೆ. ಇದೇ ನೋಯ್ಡಾದಲ್ಲಿ ನೆಲೆಯೂರಿದ್ದ ಟಿ-ಸೀರೀಸ್ ಎಂಬತ್ತರ ದಶಕದಲ್ಲಿ ಅಗ್ಗದ ಆಡಿಯೊ ಕ್ಯಾಸೆಟ್ಟುಗಳಿಂದ ಎಚ್‌ಎಂವಿಯ ಏಕಸ್ವಾಮ್ಯವನ್ನು ಅಲುಗಿಸಿದ ಕತೆಯೂ ಇಂಥದ್ದೇ. ಪೀಟರ್ ಮ್ಯಾನ್ಯುಯೆಲ್ 1993ರಲ್ಲಿ ಪ್ರಕಟಿಸಿದ 'ಕ್ಯಾಸೆಟ್ ಕಲ್ಚರ್' ಎಂಬ ಗ್ರಂಥದಲ್ಲಿ, ಕ್ಯಾಸೆಟ್ಟಿನ ಅಗ್ಗತನ ಉತ್ತರ ಭಾರತದ ಸಣ್ಣ ಸಣ್ಣ ನುಡಿಗಳ ಹಾಡುಗಳಿಗೂ ಮಾರುಕಟ್ಟೆ ತೆರೆಯಿತೆಂದು ವಿವರವಾಗಿ ತೋರಿಸುತ್ತಾರೆ. ಆ ಮಾತು ಕ್ಯಾಸೆಟ್ಟಿನ ಮಟ್ಟಿಗೆ ಸರಿ. ಹಳ್ಳಿಯ ಹಾಡುಗಾರನನ್ನು ಕೂರಿಸಿ ಧ್ವನಿಮುದ್ರಿಸಲು ಖರ್ಚೆಷ್ಟು? ಸಿನಿಮಾದ ಡಿಸ್ಕ್‌ಗೆ ಅದೇ ತರ್ಕವನ್ನು ಹಚ್ಚಲಾಗದು.

ಏಕೆಂದು ಹೇಳುತ್ತೇನೆ. ಡಿಸ್ಕ್ ಅಚ್ಚು ಹಾಕುವ ಖರ್ಚು ಚಿಕ್ಕದು. ಹಳೆಯ ಚಿತ್ರದ ಹಕ್ಕು ಕೊಳ್ಳುವುದು, ಉಳಿದಿರುವುದರಲ್ಲಿ ಒಳ್ಳೆಯ ಪ್ರಿಂಟನ್ನು ಹುಡುಕುವುದು, ಅದನ್ನು ಶುಚಿಗೊಳಿಸಿ ಡಿಜಿಟಲ್‌ಗೆ ಇಳಿಸುವುದು, ಸಂಭಾಷಣೆಯನ್ನು ಅನುವಾದಿಸಿ ಸಬ್‌ಟೈಟಲ್ ಕೂರಿಸುವುದು, ಇವು ದೊಡ್ಡ ಖರ್ಚುಗಳು. ಇವು ಒಂದು ಡಿಸ್ಕ್ ಮಾರಿದರೂ ಅಷ್ಟೇ, ಒಂದು ಲಕ್ಷ ಮಾರಿದರೂ ಅಷ್ಟೇ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಈ ಕೆಲಸಗಳಿಗೆಲ್ಲ ಸೇರಿ ಎರಡು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. 34 ರೂಪಾಯಿಯ ಡಿವಿಡಿಯಲ್ಲಿ ಅಚ್ಚು, ಸಾಗಣೆ, ಅಂಗಡಿಯವನ ಪಾಲು ಕಳೆದು ಹತ್ತು ರೂಪಾಯಿ ಉಳಿದರೆ ಆ ಎರಡು ಲಕ್ಷ ಮರಳಿ ಬರಲು ಇಪ್ಪತ್ತು ಸಾವಿರ ಡಿಸ್ಕ್ ಮಾರಬೇಕು. ಡಿಸ್ಕ್ ಒಂದಕ್ಕೆ ನೂರು ರೂಪಾಯಿ ಉಳಿಯುವಂತೆ ಬೆಲೆಯಿಟ್ಟರೆ ಎರಡು ಸಾವಿರ ಸಾಕು. ಹಿಂದಿ ಚಿತ್ರಕ್ಕೆ ಇಪ್ಪತ್ತು ಸಾವಿರ ದೊಡ್ಡ ಸಂಖ್ಯೆಯಲ್ಲ. ಕನ್ನಡದ ಹಳೆಯ ಕಪ್ಪುಬಿಳುಪು ಚಿತ್ರವೊಂದಕ್ಕೆ ದೆಹಲಿ, ಮುಂಬಯಿ, ದುಬೈ, ಅಮೆರಿಕಗಳನ್ನೆಲ್ಲ ಜಾಲಾಡಿದರೆ ಎರಡು ಸಾವಿರ ಮಂದಿ ಸಿಕ್ಕಾರು. ಇಪ್ಪತ್ತು ಸಾವಿರ ಕನಸಿನ ಮಾತು.

ಹೀಗಾಗಿ ಬೆಲೆ ಒಮ್ಮೆ 34ಕ್ಕೆ ನಿಂತ ಮೇಲೆ ಕನ್ನಡದ ಡಿಸ್ಕ್ ತಯಾರಿಸುವವನಿಗೆ ಉಳಿದ ದಾರಿ ಒಂದೇ, ಕೆಲಸದ ಗುಣವನ್ನು ಕಡಿತಗೊಳಿಸುವುದು. ಊರಿನಿಂದ ನಂಟರು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಚಟ್ನಿಪುಡಿ, ಹಪ್ಪಳಗಳ ನಡುವೆ ಇಟ್ಟು ತರುತ್ತಿದ್ದ ಡಿಸ್ಕ್‌ಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದೇ ಡಿವಿಡಿಯಲ್ಲಿ ತುರುಕಿದ ಮೂರು ಚಿತ್ರಗಳು, ಗೀರುಬಿದ್ದ ಪ್ರಿಂಟು, ಕತ್ತರಿಸಿಹೋದ ಹಾಡುಗಳು. ಎಷ್ಟೋ ಡಿಸ್ಕ್‌ಗಳಲ್ಲಿ ಸಬ್‌ಟೈಟಲ್ ಎಂಬುದರ ಸುಳಿವೇ ಇಲ್ಲ. ಡಿವಿಡಿ ಮಾದರಿಯಲ್ಲಿ 32 ಬಗೆಯ ಸಬ್‌ಟೈಟಲ್‌ಗಳಿಗೆ ಅವಕಾಶವಿದೆಯೆಂಬುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು. ಮೂವತ್ತೆರಡು ಕೋಣೆಗಳ ಮನೆ ಕಟ್ಟಿ ನಡುಮನೆಗೂ ದೀಪ ಹಚ್ಚದ ಹಾಗೆ.

ಬೆಲೆ ಹೆಚ್ಚಿಟ್ಟಿದ್ದರೆ ನಕಲಿಯವರು ಲೂಟಿ ಮಾಡುತ್ತಿರಲಿಲ್ಲವೇ ಎಂಬ ಆಕ್ಷೇಪ ಬರುತ್ತದೆ. ಬೆಂಗಳೂರಿನ ಮಟ್ಟಿಗೆ ಅದನ್ನು ತಳ್ಳಿಹಾಕಲಾರೆ. ಆದರೆ ದೆಹಲಿಯಲ್ಲಿ? ಪಾಲಿಕಾ ಬಜಾರಿನಲ್ಲಾಗಲಿ ಕೆಂಪುಕೋಟೆಯೆದುರಿನ ಲಾಜಪತ್ ರಾಯ್ ಮಾರುಕಟ್ಟೆಯಲ್ಲಾಗಲಿ ನನಗೆ ಒಂದು ಕನ್ನಡ ನಕಲಿ ಡಿಸ್ಕ್ ಕೂಡ ಕಣ್ಣಿಗೆ ಬಿದ್ದದ್ದಿಲ್ಲ. ಕಳ್ಳನಿಗೂ ಗಿರಾಕಿಗಳ ಸಂಖ್ಯೆ ಬೇಕು. ಹೊರನಾಡಿನ ಕನ್ನಡಿಗ ಕದಿಯಲೂ ಲಾಯಕ್ಕಿಲ್ಲದಷ್ಟು ಸಣ್ಣ ಮಾರುಕಟ್ಟೆ! ಇಲ್ಲದ ಕಳ್ಳನಿಗೆ ಹೆದರಿ ಇಟ್ಟ ಬೆಲೆಯ ಭಾರವನ್ನು ಹೀಗೆ ನಾವು ಹೊರಬೇಕಾಯಿತು.

ಇದರಲ್ಲಿ ಪಣಕ್ಕಿದ್ದದ್ದು ನಮ್ಮ ಮನರಂಜನೆಯಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳನ್ನು ನೋಡಿ. ಮನೆಯಲ್ಲಿ 'ಊಟಕ್ಕೆ ಬಾ', 'ಅಜ್ಜಿಗೆ ಫೋನು ಮಾಡು' ಎಂಬಷ್ಟು ಕನ್ನಡ, ಹೊರಗೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಲೋದಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆ ಇರುವುದು ನಮ್ಮ ಭಾಗ್ಯ, ಆದರೆ ಪೀತಮ್‌ಪುರ, ರೋಹಿಣಿಗಳಿಂದ ಮಕ್ಕಳನ್ನು ದಿನವೂ ಅಲ್ಲಿಗೆ ಕಳಿಸುವವರು ಎಷ್ಟು ಜನ? ಈ ಮಕ್ಕಳಿಗೆ ಪುಟ್ಟಣ್ಣ ಕಣಗಾಲರ ಚಿತ್ರದ ಸಂಭಾಷಣೆ ಅರ್ಧ ಹಿಡಿಸುತ್ತದೆ, ಅರ್ಧ ತಪ್ಪಿಹೋಗುತ್ತದೆ. ಇಂಗ್ಲಿಷ್ ಅಡಿಬರಹವಿದ್ದರೆ ಕತೆಯಾದರೂ ಕೈಗೆ ಸಿಗುತ್ತದೆ. ಕನ್ನಡದ ಅಡಿಬರಹವೇ ಇದ್ದರೆ ಇನ್ನೂ ಮೇಲು. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿಯವರು 1996ರಿಂದ ಪ್ರತಿಪಾದಿಸುತ್ತ ಬಂದ ವಿಚಾರವಿದು. ಹಾಡು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯ ಅಕ್ಷರಗಳನ್ನು ಪರದೆಯ ಅಡಿಯಲ್ಲಿ ತೋರಿಸಿದರೆ ನೋಡುವವರಿಗೆ ತಮಗರಿವಿಲ್ಲದೆಯೇ ಓದುವ ರೂಢಿ ಬೆಳೆಯುತ್ತದೆ. ರಾಜ್‌ಕುಮಾರ್ ಹಾಡುವಾಗ ಆ ಪದಗಳು ಕೆಳಗೆ ಕನ್ನಡದಲ್ಲಿ ಮೂಡುತ್ತ ಹೋದರೆ ಒತ್ತಕ್ಷರ ಕಲಿಸಲು ಅದಕ್ಕಿಂತ ಒಳ್ಳೆಯ ಮೇಷ್ಟರು ಯಾರಿದ್ದಾರೆ?

ಇದು ಅಸಾಧ್ಯದ ಬಯಕೆಯೂ ಅಲ್ಲ. ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳನ್ನು ಇಂಗ್ಲಿಷ್ ಅಡಿಬರಹದೊಡನೆ ಇಡೀ ದೇಶಕ್ಕೆ ತೋರಿಸುತ್ತಿತ್ತು. ಕನ್ನಡ ಬಾರದವರೂ ಕನ್ನಡ ಚಿತ್ರ ನೋಡಿದರು. ನಮ್ಮ ಬಡಾವಣೆಯಲ್ಲಿ ಎಲ್ಲಿ ನಿಂತರೂ ಕಾಣುವ 235 ಮೀಟರ್ ಎತ್ತರದ ಟಿವಿ ಗೋಪುರವನ್ನು ನೋಡಿದಾಗಲೆಲ್ಲ ಅದು ನೆನಪಾಗುತ್ತದೆ. ಅಂದು ಒಂದೇ ವಾಹಿನಿ, ಪೈಪೋಟಿಯೇ ಇಲ್ಲ, ಪ್ರೇಕ್ಷಕನಿಗೆ ಬೆಲೆಯೂ ಇಲ್ಲ. ಆದರೂ ಆ ಕೆಲಸ ನಡೆಯಿತು. ಸರ್ಕಾರಿ ನೌಕರನಾದ ನಾನು ಸರ್ಕಾರದ ಪರ ವಕಾಲತ್ತು ಮಾಡುತ್ತಿದ್ದೇನೆಂದು ಗೆಳೆಯರು ಹಾಸ್ಯ ಮಾಡಬಹುದು. ಮಾಡಲಿ.

ಮೋಸರ್ ಬೇರ್ 2018ರಲ್ಲಿ ಸಮಾಪನದ ಆದೇಶಕ್ಕೆ ಗುರಿಯಾಯಿತು. ಅಷ್ಟರಲ್ಲಿ ಡಿಸ್ಕ್ ಎಂಬುದೇ ಹಳತಾಗಿತ್ತು. 2016ರಲ್ಲಿ ನೆಟ್‌ಫ್ಲಿಕ್ಸ್ ಮತ್ತು ಅಮೆಜಾನ್ ಪ್ರೈಮ್ ಎರಡೂ ಭಾರತಕ್ಕೆ ಬಂದಿದ್ದವು. ಈಗಿನ ಪೈಪೋಟಿ ಬೇರೆ ತೆರನಾದದ್ದು. ಒಂದು ಡಿವಿಡಿ ಯಂತ್ರದಲ್ಲಿ ಯಾವ ಕಂಪನಿಯ ಡಿಸ್ಕ್ ಆದರೂ ಓಡುತ್ತಿತ್ತು. ಇಂದು ಒಂದು ವೇದಿಕೆಯ ಚಿತ್ರ ಇನ್ನೊಂದರಲ್ಲಿಲ್ಲ. ಬೀಟಾಮ್ಯಾಕ್ಸ್ ಕಾಲದ ಗೋಡೆ ಮತ್ತೆ ಎದ್ದಿದೆ, ಪ್ರತಿ ತಿಂಗಳೂ ಬಾಡಿಗೆ ಕಟ್ಟಬೇಕಾದ ಗೋಡೆ. ಚಂದಾದ ದರ ಎಷ್ಟೇ ಇಳಿದರೂ ಕನ್ನಡದ ಕತೆ ಮಾತ್ರ ಹಳೆಯದೇ. 2020ರ ಜುಲೈನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಯ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ನೇರವಾಗಿ ಪ್ರೈಮ್‌ನಲ್ಲಿ ಬಂದಾಗ ಬಾಗಿಲು ತೆರೆಯಿತೆಂದುಕೊಂಡೆವು. 2024ರಲ್ಲಿ ರಕ್ಷಿತ್ ಶೆಟ್ಟಿಯವರ ಸಂಸ್ಥೆ ತನ್ನ 'ಏಕಂ' ಸರಣಿಯನ್ನು ಯಾವ ವೇದಿಕೆಯೂ ಕೊಳ್ಳದೆ ತನ್ನದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ದೊಡ್ಡವರ ಪೈಪೋಟಿ ಅಗ್ಗವಾಗಿ ಕೊಡುವುದು ದೊಡ್ಡ ಸಂಖ್ಯೆಯವರಿಗೆ ಬೇಕಾದದ್ದನ್ನು. ಎರಡು ಸಾವಿರದವರ ಕೆಲಸವನ್ನು ಎರಡು ಸಾವಿರದವರೇ ಮಾಡಿಕೊಳ್ಳಬೇಕು.

ಕನ್ನಡಕ್ಕೆ ಇದು ಹೊಸ ವಿದ್ಯೆಯೇನಲ್ಲ. ಗಳಗನಾಥರು ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಓದುಗರನ್ನು ಹುಡುಕಿದರು. ಪ್ರಕಟಣಪೂರ್ವ ಬೆಲೆ ಕೊಟ್ಟು ದೊಡ್ಡ ಸಂಪುಟಗಳನ್ನು ತರಿಸಿಕೊಂಡ ಅನುಭವ ನಮ್ಮ ಅನೇಕರ ಮನೆಗಳಿಗಿದೆ. ಸಿನಿಮಾದಲ್ಲೂ ಪವನ್ ಕುಮಾರ್ 'ಲೂಸಿಯಾ'ಕ್ಕಾಗಿ 110 ಮಂದಿಯಿಂದ 27 ದಿನಗಳಲ್ಲಿ 51 ಲಕ್ಷ ರೂಪಾಯಿ ಕೂಡಿಸಿದರು. ಅದಕ್ಕೆ ಹೋಲಿಸಿದರೆ ಇದು ಸಣ್ಣ ಬಾಬ್ತು. ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘವೋ ಮುಂಬಯಿಯ ಸಂಘಗಳೋ ಒಂದಾಗಿ, ಹಕ್ಕುದಾರರ ಒಪ್ಪಿಗೆ ಪಡೆದು, ತಲಾ 300 ರೂಪಾಯಿಯಂತೆ ಎರಡು ಸಾವಿರ ಮಂದಿಯಿಂದ ಮುಂಗಡ ಪಡೆದರೆ ಆರು ಲಕ್ಷವಾಗುತ್ತದೆ. ಡಿಸ್ಕ್ ಆಗಲೇಬೇಕೆಂದಿಲ್ಲ. ಶುಚಿಯಾದ ಒಂದು ಪ್ರತಿ, ಕನ್ನಡ ಮತ್ತು ಇಂಗ್ಲಿಷ್ ಅಡಿಬರಹ, ಸಂಘದ ಸಭಾಂಗಣದಲ್ಲೂ ಮನೆಯಲ್ಲೂ ನೋಡುವ ಅನುಮತಿ, ಇಷ್ಟಿದ್ದರೆ ಸಾಕು. ಅಡಿಬರಹ ಬರೆಯುವ ಕೆಲಸವನ್ನು ನಮ್ಮ ಬಳಗದವರೇ ಹಂಚಿಕೊಳ್ಳಬಹುದು. ಮೊದಲು ಯಾವ ಚಿತ್ರ ಎಂಬುದರಲ್ಲಿ ಒಮ್ಮತ ಮೂಡುವುದು ಕಷ್ಟವೆಂದು ಬಲ್ಲೆ. ನನ್ನ ಮತ ಪುಟ್ಟಣ್ಣನವರ 'ಗೆಜ್ಜೆಪೂಜೆ'ಗೆ.