ಬುತ್ತಿ ಕಟ್ಟುವವರು ಯಾರು?

ಪ್ರವಾಸ ಎಂಬ ಶಬ್ದಕ್ಕೆ ನಮ್ಮ ಮನೆಗಳಲ್ಲಿ ಎರಡು ಅರ್ಥಗಳಿವೆ. ಗಂಡಸರಿಗೂ ಮಕ್ಕಳಿಗೂ ಅದು ಶನಿವಾರ ಬೆಳಿಗ್ಗೆ ಶುರುವಾಗಿ ರವಿವಾರ ರಾತ್ರಿ ಮುಗಿಯುತ್ತದೆ. ಮನೆಯ ಹೆಣ್ಣುಮಗಳಿಗೆ ಬುಧವಾರವೇ ಶುರುವಾಗುತ್ತದೆ. ಎಣ್ಣೆ ಹಿಡಿದ ಡಬ್ಬಿಗಳನ್ನೆಲ್ಲ ತಿಕ್ಕಿ ಬೋರಲು ಹಾಕುವ ಸೋಮವಾರದವರೆಗೂ ಮುಗಿಯುವುದಿಲ್ಲ. ಪೆಟ್ರೋಲಿನ ಲೆಕ್ಕ ಇಡುತ್ತಾರೆ, ಟೆಂಟಿನ ಬಾಡಿಗೆಯ ಲೆಕ್ಕ ಇಡುತ್ತಾರೆ. ಈ ಹೆಚ್ಚಿನ ಮೂರು ನಾಲ್ಕು ದಿನಗಳ ಲೆಕ್ಕ ಯಾವ ಡೈರಿಯಲ್ಲೂ ಇಲ್ಲ.

ಈಚೆಗೆ ನಮ್ಮ ಧಾರವಾಡದ ಕಡೆಯವರಲ್ಲಿ ದಾಂಡೇಲಿಗೆ ಹೋಗಿ, ಕಾಳಿ ನದಿಯ ದಂಡೆಯಲ್ಲಿ ಟೆಂಟಿನೊಳಗೆ ಒಂದು ರಾತ್ರಿ ಕಳೆದು ಬರುವ ಹವ್ಯಾಸ ಬೆಳೆದಿದೆ. ಒಳ್ಳೆಯದೇ. ಗೋಡೆಗಳ ನಡುವೆಯೇ ಬೆಳೆಯುವ ಮಕ್ಕಳು ನಕ್ಷತ್ರ ನೋಡಲಿ, ಹೊಳೆಯ ಸಪ್ಪಳ ಕೇಳಲಿ. ಹೀಗೆ ಹೊರಟಿದ್ದ ಸಹೋದ್ಯೋಗಿ ಮಾಸ್ತರರೊಬ್ಬರು ಸ್ಟಾಫ್ ರೂಮಿನಲ್ಲಿ ಹೊಟೇಲ್ ಊಟವನ್ನು ಬೈಯುತ್ತ, “ಅಕ್ಕಾವ್ರ, ಎಷ್ಟರ ಆಗಲಿ ಮನೀ ಬುತ್ತಿನ ಛಲೋ” ಎಂದರು. “ಯಾರು ಮಾಡ್ತಾರ್ರಿ ಸರ್?” ಎಂದು ಕೇಳಿದೆ. “ಯಾರಂದ್ರ? ಮನ್ಯಾಗ ಮಾಡ್ತಾರ” ಎಂದರು.

ಕನ್ನಡ ಪಾಠ ಮಾಡುವವಳು ನಾನು. ಈ ವಾಕ್ಯವನ್ನು ಆ ದಿನವೆಲ್ಲ ಮನಸ್ಸಿನಲ್ಲಿ ಬಿಡಿಸಿ ನೋಡಿದೆ. ಕ್ರಿಯಾಪದವಿದೆ, ಸಪ್ತಮಿ ವಿಭಕ್ತಿಯೂ ಇದೆ. ಕರ್ತೃಪದ ಮಾತ್ರ ಇಲ್ಲ. ರೊಟ್ಟಿ ಬಡಿದವಳು, ಪಲ್ಯ ಬಾಡಿಸಿದವಳು, ಡಬ್ಬಿಯ ಮುಚ್ಚಳ ಸಡಿಲವಾಗಿದೆಯೆಂದು ಅರಿವೆ ಕಟ್ಟಿದವಳು ಎಲ್ಲರೂ ‘ಮನ್ಯಾಗ’ ಎಂಬ ಒಂದು ಶಬ್ದದೊಳಗೆ ಮುಳುಗಿಹೋಗಿದ್ದಾರೆ.

ನಮ್ಮ ಹಿರಿಯರು ಇದನ್ನೆಲ್ಲ ನಗುನಗುತ್ತ ಮಾಡುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಮಾಡುತ್ತಿದ್ದರು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಚಕ್ಕಡಿ ಹೂಡಿಕೊಂಡು ಹೋಗಿ, ಗಾಡಿಯ ಬುಡದಲ್ಲೇ ಬಿಡಾರ ಹೂಡಿದ ಮನೆತನಗಳಲ್ಲಿ ನಮ್ಮದೂ ಒಂದು. ಆದರೆ ಆಗ ಒಲೆಯ ಮುಂದೆ ಅಜ್ಜಿ, ದೊಡ್ಡವ್ವ, ಚಿಗವ್ವ, ಅತ್ತಿ, ಓಣಿಯ ಇಬ್ಬರು ಮೂವರು, ಹೀಗೆ ಹತ್ತು ಹನ್ನೆರಡು ಕೈಗಳಿರುತ್ತಿದ್ದವು. ಒಬ್ಬಳು ಹಿಟ್ಟು ನಾದಿದರೆ ಒಬ್ಬಳು ಬಡಿಯುವಳು, ಇನ್ನೊಬ್ಬಳು ಬೇಯಿಸುವಳು. ಜೊತೆಗೆ ಹಾಡು, ಚಾಡಿ, ನಗೆ. ಈಗ ಗಂಡ, ಹೆಂಡತಿ, ಎರಡು ಮಕ್ಕಳ ಮನೆ. ಕೈಗಳು ಎರಡೇ, ಅವೂ ಹತ್ತಕ್ಕೆ ಆಫೀಸು ಸೇರಬೇಕಾದವು. ಬುತ್ತಿಯ ಪಟ್ಟಿ ಮಾತ್ರ ಕಡಿಮೆಯಾಗಿಲ್ಲ. ಮಾದಲಿ, ಕರಿಗಡಬು ಬಿಟ್ಟುಹೋದ ಜಾಗಕ್ಕೆ ಸ್ಯಾಂಡ್‌ವಿಚ್ಚು, ಪಾಸ್ತಾ ಬಂದು ಕೂತಿವೆ. ಹಿರಿಯರ ಉದಾಹರಣೆ ಕೊಡುವವರು ಆ ಹನ್ನೆರಡು ಕೈಗಳನ್ನೂ ತಂದು ಕೊಡಬೇಕು.

ಬುತ್ತಿ ಎಂದರೆ ಸಣ್ಣ ವಿದ್ಯೆಯಲ್ಲ, ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಮೈಸೂರಿನಲ್ಲಿ 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾಲಯ ಸ್ಥಾಪನೆಯಾಯಿತು. ಹಿಮದ ಗಡಿಯಲ್ಲಿ ನಿಂತ ಸೈನಿಕರಿಗಾಗಿ ತಿಂಗಳುಗಟ್ಟಲೆ ಕೆಡದ ಚಪಾತಿ, ಪೊಟ್ಟಣದಲ್ಲೇ ಮುಚ್ಚಿ ಬೇಯಿಸಿದ ಪಲಾವು, ಇವನ್ನೆಲ್ಲ ಅಲ್ಲಿನ ವಿಜ್ಞಾನಿಗಳು ರೂಪಿಸಿದರು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೊರಟಾಗ ಅವರೊಂದಿಗೆ ಹೋದ ನಮ್ಮ ದೇಶದ ತಿನಿಸುಗಳೂ ಅಲ್ಲಿಯವೇ. ಅಲ್ಲಿ ಆ ಕೆಲಸದ ಹೆಸರು ಸಂಶೋಧನೆ. ಅದಕ್ಕೆ ಪ್ರಯೋಗಾಲಯ ಉಂಟು, ಸಂಬಳ ಉಂಟು, ಪೇಟೆಂಟ್ ಉಂಟು. ನಮ್ಮ ಅಡುಗೆಮನೆಯಲ್ಲಿ ಕಲ್ಲವ್ವನೋ ಗಂಗವ್ವನೋ ಅದೇ ತತ್ತ್ವದ ಮೇಲೆ ಮಾಡಿದ್ದಕ್ಕೆ ‘ಮನ್ಯಾಗ ಮಾಡ್ತಾರ’!

ಆ ತತ್ತ್ವವಾದರೂ ಏನು? ಕೆಡಿಸುವುದು ನೀರು. ಜೋಳದ ರೊಟ್ಟಿಯ ತೇವವೆಲ್ಲ ಹೋಗುವಂತೆ ಖಡಕ್ಕಾಗಿ ಒಣಗಿಸಿದರೆ ವಾರಗಟ್ಟಲೆ ಇರುತ್ತದೆ. ಶೇಂಗಾ, ಗುರೆಳ್ಳು, ಅಗಸಿಯ ಚಟ್ನಿಪುಡಿಗೂ ಅದೇ ನ್ಯಾಯ. ಪುಳಿಯೋಗರೆ ಗೊಜ್ಜನ್ನು ಹುಣಸೆಯ ಹುಳಿ, ಉಪ್ಪು, ಎಣ್ಣೆ ಮೂರೂ ಸೇರಿ ಕಾಯುತ್ತವೆ. ಬಿಸಿ ಚಪಾತಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಕೂಡಲೇ ಮುಚ್ಚಿದರೆ ಆವಿ ನೀರಾಗಿ ಇಳಿದು ಕೆಳಗಿನವು ಸಂಜೆಗೆ ಮುದ್ದೆ. ಆರಿಸಿ, ಅರಿವೆಯಲ್ಲಿ ಸುತ್ತಿ ಇಡಬೇಕು. ಹಸಿ ಕೊಬ್ಬರಿಯ ಚಟ್ನಿ ಬಿಸಿಲಿನಲ್ಲಿ ಮಧ್ಯಾಹ್ನವನ್ನೂ ಕಾಣುವುದಿಲ್ಲ. ಎಲ್ಲಕ್ಕಿಂತ ಮೋಸದ್ದು ಅನ್ನ. ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಕುದಿದರೂ ಸಾಯದೆ ಉಳಿದಿರಬಹುದು. ಅನ್ನ ಬೆಚ್ಚಗೆ ಬಹಳ ಹೊತ್ತು ಕೂತರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆಸ್ಪತ್ರೆ ದೂರವಿರುವ ಕಾಡಿನಲ್ಲಿ ಮಗು ರಾತ್ರಿಯಿಡೀ ವಾಂತಿ ಮಾಡಿಕೊಂಡರೆ ಬೈಸಿಕೊಳ್ಳುವವಳು ಯಾರು ಎಂದು ನಾನು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ನಮ್ಮನ್ನು ನಸುಕಿನ ಮೂರಕ್ಕೆ ಎಬ್ಬಿಸುವುದು ಖಡಕ್ ರೊಟ್ಟಿಯಲ್ಲ, ಚಿತ್ರಾನ್ನ. ಕೆಡದ ವಸ್ತುಗಳನ್ನು ವಾರದ ಮೊದಲೇ, ದಿನಕ್ಕೆ ಅರ್ಧ ತಾಸಿನಂತೆ, ಯಾರು ಬೇಕಾದರೂ ಮಾಡಬಹುದು. ಶೇಂಗಾ ಹುರಿದು ಸಿಪ್ಪೆ ಊದಲು ಹನ್ನೆರಡು ವರ್ಷದ ಹುಡುಗ ಸಾಕು. ರವೆ ಹುರಿದು, ಒಗ್ಗರಣೆ ಬೆರೆಸಿ, ಆರಿಸಿ ಡಬ್ಬಿ ತುಂಬಲು ಅವನ ಅಪ್ಪ ಸಾಕು. ಒಲೆ ಹಚ್ಚಲು ಅನುಮತಿಯಿರುವ ಬಿಡಾರದಲ್ಲಿ ನೀರು ಕುದಿಸಿ ಅದನ್ನು ಸುರಿದರೆ ಉಪ್ಪಿಟ್ಟು. ಅನುಮತಿ ಇಲ್ಲದ ಕಡೆ ಕಾಡಿಗೆ ಬೆಂಕಿ ತೋರಿಸುವ ಗಂಡಸುತನ ಬೇಡ. ಒಗ್ಗರಣೆಯ ಅವಲಕ್ಕಿಗೆ ಬೆಂಕಿ ಬೇಕಿಲ್ಲ. ಹೀಗೆ ಪಟ್ಟಿ ಬದಲಾದರೆ ಕೆಲಸ ಹಂಚಬಹುದು. ಪಟ್ಟಿ ಮಾಡುವವರು ಉಣ್ಣುವವರು, ಅಡುಗೆ ಮಾಡುವವಳು ಒಬ್ಬಳು ಎಂದಾಗಲೇ ಪೂರಿ, ಸಾಗು, ಬಿಸಿ ಚಟ್ನಿ ಎಲ್ಲ ಪಟ್ಟಿಗೆ ಏರುತ್ತವೆ.

ಇಷ್ಟೆಲ್ಲ ತಾಪತ್ರಯ ಯಾಕೆ, ಪಾಕೀಟು ಒಯ್ದರೆ ಆಯಿತಲ್ಲ ಎನ್ನುವ ಗೆಳತಿಯರೂ ನನಗಿದ್ದಾರೆ. ಎರಡು ನಿಮಿಷದ ಮ್ಯಾಗಿ 1983ರಲ್ಲಿ ನಮ್ಮ ದೇಶಕ್ಕೆ ಬಂದಾಗಿನಿಂದ ಈ ಮಾತು ಕೇಳುತ್ತಿದ್ದೇನೆ. ಪಾಕೀಟಿನ ಮೇಲೆ ನನಗೆ ಹಗೆಯಿಲ್ಲ. ದಣಿದವಳು ತಂದರೆ ನಾನು ಅವಳನ್ನು ಬೈಯುವುದಿಲ್ಲ. ಆದರೆ ಅದರಿಂದ ಪ್ರಶ್ನೆ ತೀರಲಿಲ್ಲ, ಮುಂದೆ ಹೋಯಿತು ಅಷ್ಟೆ. ಪಾಕೀಟು ನೆನಪಿಟ್ಟು ತಂದವಳು, ಕುದಿಸಿದವಳು, ಪಾತ್ರೆ ತಿಕ್ಕಿದವಳು, ಖಾಲಿ ಪ್ಲಾಸ್ಟಿಕ್ಕನ್ನು ಹೊಳೆಗೆ ಬಿಡದೆ ಚೀಲ ತುಂಬಿ ಮನೆಗೆ ತಂದವಳು ಮತ್ತೆ ಅವಳೇ.

2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ತೊಡಗುವ ಗಂಡಸರು 97 ನಿಮಿಷ ಎಂದು ಗೊತ್ತಾಯಿತು. ತೊಡಗುವ ಗಂಡಸರಾದರೂ ಎಷ್ಟು? ನೂರಕ್ಕೆ ಸುಮಾರು 26. ಐದು ತಾಸಿಗೆ ಒಂದು ನಿಮಿಷ ಕಡಿಮೆಯಾದ ಈ ದುಡಿಮೆಯಿಂದ ಎರಡು ದಿನ ಬಿಡುಗಡೆ ಸಿಗಲೆಂದೇ ನಾವು ಪ್ರವಾಸ ಎನ್ನುವುದು. ಆ ಎರಡು ದಿನಗಳಲ್ಲೂ ಅದು ಬೆನ್ನು ಹತ್ತಿ ಬಂದರೆ?

ಬಂದರೆ ಏನಾಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ನನ್ನ ಪರಿಚಯದ ಒಬ್ಬ ಹೆಣ್ಣುಮಗಳು ಮನೆಯ ಎಂಟು ಜನಕ್ಕೆ ಎರಡು ದಿನದ ಬುತ್ತಿ ಕಟ್ಟಿ, ಗಾಡಿಯಲ್ಲಿ ಇಟ್ಟು, “ನಾ ಒಲ್ಲೆ, ನೀವು ಹೋಗಿ ಬರ್ರಿ, ನನಗ ಸ್ವಲ್ಪ ಆರಾಮ ಬೇಕಾಗೇದ” ಎಂದು ಬಾಗಿಲಲ್ಲೇ ನಿಂತಳು. ಎಲ್ಲರೂ “ಆಕಿಗೆ ತಿರುಗಾಟ ಸೇರೋದಿಲ್ಲ” ಎಂದುಕೊಂಡು ಹೊರಟರು. ಮರುದಿನ ನನ್ನೆದುರು ಆಕೆ ಅಂದದ್ದು ಬೇರೆ: “ಅಕ್ಕಾ, ಕಾಳಿ ಹೊಳಿ ನಾನೂ ನೋಡಿಲ್ಲ. ಆದರ ಅಲ್ಲಿ ಹೋದರೂ ನಾ ಡಬ್ಬೀನ ನೋಡಬೇಕಲ್ಲ.” ಆಕೆಗೆ ನಲವತ್ತೆಂಟು ವರ್ಷ. ಹೊಳೆ ಆಕೆಯ ಮನೆಯಿಂದ ಎರಡು ತಾಸಿನ ದಾರಿಯೂ ಇಲ್ಲ.

ಹೆಂಗಸರಿಗೆ ಉಣಿಸುವುದರಲ್ಲೇ ಖುಷಿ ಎಂಬ ಮಾತನ್ನು ಇಂಥ ಬಾಗಿಲುಗಳ ಮುಂದೆ ಯಾರೂ ಹೇಳಬಾರದು. ಉಣಿಸುವುದು ಖುಷಿಯೇ. ನಾನೂ ಉಣಿಸಿದ್ದೇನೆ. ಆದರೆ ಖುಷಿ ಎಂಬುದು ಒಬ್ಬರಿಗೇ ಗುತ್ತಿಗೆ ಕೊಡುವಂಥದೇ? ಅಷ್ಟು ಖುಷಿಯಿದ್ದರೆ ಉಳಿದವರೂ ಒಂದೊಂದು ಪಾಲು ತೆಗೆದುಕೊಳ್ಳಲಿ.

ಗಂಡುಮಕ್ಕಳಿಗೆ ಬರುವುದಿಲ್ಲ ಎಂಬುದು ಶುದ್ಧ ಸುಳ್ಳು. ಅನೇಕ ವರ್ಷ ಶಾಲೆಯಲ್ಲಿ ಗೈಡ್ ಕ್ಯಾಪ್ಟನ್ ಆಗಿ ಮಕ್ಕಳನ್ನು ಶಿಬಿರಗಳಿಗೆ ಕರೆದುಕೊಂಡು ಹೋಗಿದ್ದೇನೆ. ಬೇಡನ್ ಪೊವೆಲ್ 1908ರಲ್ಲಿ ಹುಡುಗರಿಗಾಗಿಯೇ ಬರೆದ ಸ್ಕೌಟ್ ಪುಸ್ತಕದಲ್ಲಿ ಶಿಬಿರದ ಅಡುಗೆಯ ಪಾಠವಿದೆ. ನಮ್ಮ ಶಿಬಿರಗಳಲ್ಲೂ ಸ್ಕೌಟ್ ಹುಡುಗರು ಸರದಿಯಂತೆ ಈರುಳ್ಳಿ ಹೆಚ್ಚಿ, ಎಂಟು ಜನಕ್ಕೆ ಖಿಚಡಿ ಮಾಡಿ, ಬೂದಿ ಹಚ್ಚಿ ಪಾತ್ರೆ ಬೆಳಗಿಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದೇ ಹುಡುಗ ಮನೆಗೆ ಬಂದ ಮರುದಿನ ನೀರು ಕುಡಿದ ಲೋಟವನ್ನೂ ಎತ್ತಿಡುವುದಿಲ್ಲ. ಎರಡು ದಿನದಲ್ಲಿ ಕೈ ಮರೆಯಿತೇ? ಇಲ್ಲ, ಮನೆಯಲ್ಲಿ ಸರದಿ ಎಂಬುದೇ ಇಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ, ತಾಯಂದಿರೆ. ಕಳೆದ ಶಾಲಾ ಪ್ರವಾಸಕ್ಕೆ ನನ್ನ ಎಂಟನೆಯ ವರ್ಗದ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ: ನಿಮ್ಮ ಬುತ್ತಿಯಲ್ಲಿ ನೀವು ಸ್ವಂತ ಕೈಯಿಂದ ಮಾಡಿದ್ದು ಏನು ಎಂಬುದನ್ನು ಒಂದು ಸಾಲಿನಲ್ಲಿ ಬರೆದು ತರಬೇಕು. ಹುಡುಗಿಯರು ಉದ್ದುದ್ದ ಬರೆದರು. ಹುಡುಗರಲ್ಲಿ ನಾಲ್ವರು ಚಟ್ನಿಪುಡಿ ಕುಟ್ಟಿದ್ದರು, ಒಬ್ಬ ಚಪಾತಿ ಲಟ್ಟಿಸಿದ್ದ, ಅದರ ಆಕಾರ ಗೋವಾ ರಾಜ್ಯದ ನಕಾಶೆಯಂತಿತ್ತು, ಎಲ್ಲರೂ ಹರಿದು ತಿಂದರು. ಉಳಿದವರಲ್ಲಿ ಬಹಳ ಜನ ಬರೆದ ಸಾಲು ಹೆಚ್ಚುಕಡಿಮೆ ಒಂದೇ: ‘ನಾನು ಮಾಡಲು ಹೋದೆ. ಅವ್ವ ಅಡುಗೆಮನೆಯೊಳಗೆ ಬಿಡಲಿಲ್ಲ.’

ಬರುವ ಡಿಸೆಂಬರಿನಲ್ಲಿ ಮತ್ತೆ ಪ್ರವಾಸವಿದೆ. ಅದೇ ಕೆಲಸವನ್ನು ಮತ್ತೆ ಕೊಡುವವಳಿದ್ದೇನೆ. ಈ ಸಲ ಆ ಕಾಗದದ ಕೆಳಗೆ ಅಪ್ಪ ಮಾಡಿದ್ದೇನು ಎಂದು ಬರೆಯಲು ಇನ್ನೊಂದು ಸಾಲು ಜಾಗ ಬಿಟ್ಟಿರುತ್ತೇನೆ.