ಹಾಲಿನ ಯಂತ್ರಕ್ಕೆ ಮುದ್ರೆ ಒತ್ತುವವರಾರು?

2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ಏರಿದ್ದೇ ತಡ, "ಹಳ್ಳಿಯವರ ಆಸೆಗೆ ಮಿತಿಯಿಲ್ಲ, ಪೇಟೆಯವನ ಚಹಕ್ಕೂ ಕೈ ಹಾಕಿದರು" ಎಂಬ ಮಾತನ್ನು ತೇಲಿಬಿಡುವವರು ಹುಟ್ಟಿಕೊಂಡರು. ಗಿರಣಿಯ ಬಂಧುಗಳೂ ಸಣ್ಣ ವ್ಯಾಪಾರಿಗಳೂ ಈ ಮಾತಿಗೆ ಮರುಳಾಗಬಾರದೆಂದು ನಾವು ಹೇಳುತ್ತೇವೆ.

ಹಾಲು ಹಾಕುವವರು ಯಾರು? ಉಗಾರದ ಸಕ್ಕರೆ ಕಾರಖಾನೆಗೆ ಪಾಳಿಗೆ ಹೋಗುವವನ ಮನೆಯಲ್ಲೇ ಒಂದು ಎಮ್ಮೆ ಇರುತ್ತದೆ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದಿನವೆಲ್ಲ ಧೂಳು ಕುಡಿಯುವ ತಾಯಿಯೇ ಹೊತ್ತು ಮೂಡುವ ಮೊದಲು ಎದ್ದು ಹಾಲು ಹಿಂಡುತ್ತಾಳೆ. ಕೊಳ್ಳುವವನೂ ದುಡಿಯುವವನೇ, ಮಾರುವವಳೂ ದುಡಿಯುವವಳೇ. ಇವರಿಬ್ಬರ ನಡುವೆ ಜಗಳ ಹಚ್ಚಿದರೆ ಲಾಭ ಯಾರಿಗೆ?

ಹಾಲಿನ ಧಂದೆ ಸುಧಾರಿಸಿದೆ ಎನ್ನುತ್ತಾರೆ. ಸುಧಾರಿಸಿದೆ, ನಿಜ. ಹಿಂದೆ ಗೌಳಿ ಕಣ್ಣಳತೆಯಲ್ಲಿ ಬೆಲೆ ಕಟ್ಟುತ್ತಿದ್ದ; ಈಗ ಯಂತ್ರ ಫ್ಯಾಟ್ ಹೇಳುತ್ತದೆ, ಡಿಗ್ರಿ ಹೇಳುತ್ತದೆ. ನಾವು ಯಂತ್ರದ ವೈರಿಗಳಲ್ಲ. ಆದರೆ ಯಂತ್ರವನ್ನು ಸರಿಯಾಗಿ ತೊಳೆಯದಿದ್ದರೆ, ಗರ್ಬರ್ ಪರೀಕ್ಷೆಯೊಂದಿಗೆ ಆಗಾಗ ತಾಳೆ ನೋಡದಿದ್ದರೆ, ಅದರ ಅಂಕಿ ಜಾರುತ್ತದೆ. ಜಾರಿದ ಅಂಕಿ ಯಾರ ಕಿಸೆಗೆ ಬೀಳುತ್ತದೆ? ಲೆಕ್ಕ ಹಾಕಿ ನೋಡಿರಿ. ದಿನಕ್ಕೆ 8 ಲೀಟರ್ ಹಾಕುವ ಮನೆಗೆ ಲೀಟರಿಗೆ ಒಂದೇ ರೂಪಾಯಿ ಕಡಿಮೆ ಬಿದ್ದರೆ ತಿಂಗಳಿಗೆ 240 ರೂಪಾಯಿ ಹೋಯಿತು. ಅಂಥ ನೂರು ಮನೆಗಳ ಊರಿಗೆ ವರ್ಷಕ್ಕೆ 2,88,000 ರೂಪಾಯಿ!

ಅಥಣಿಯ ಕಿರಾಣಿ ಅಂಗಡಿಕಾರನ ತಕ್ಕಡಿಗೆ ಸರಕಾರದ ಮುದ್ರೆ ಇಲ್ಲದಿದ್ದರೆ ದಂಡ. ಲಕ್ಷಗಟ್ಟಲೆ ರೂಪಾಯಿಯ ಹಾಲು ಅಳೆಯುವ ಪೆಟ್ಟಿಗೆಗೆ ಮುದ್ರೆ ಒತ್ತಿದ್ದನ್ನು ಯಾರಾದರೂ ಕಂಡಿದ್ದೀರಾ?

ನಮ್ಮ ಐದು ತಾಲೂಕುಗಳಿಗೆ ಇನ್ನೊಂದು ಸಂಕಟವಿದೆ. ಒಂದು ಕಡೆ ಬೆಳಗಾವಿಯ ಹಾಲು ಒಕ್ಕೂಟ. ಇನ್ನೊಂದು ಕಡೆ ಗಡಿಯಾಚೆಯ ಕೊಲ್ಲಾಪುರ, ಸಾಂಗಲಿ ಸೀಮೆಯ ಡೇರಿಗಳು. ಕರ್ನಾಟಕ ಸರಕಾರ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಆರಂಭಿಸಿತು. 2013ರಲ್ಲಿ ಅದು 4, 2016ರಲ್ಲಿ 5 ಆಯಿತು. ಈ ಹಣ ಸಹಕಾರಿ ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ. ಒಳ್ಳೆಯ ಸಂಘವಿಲ್ಲದ ಊರಿನ ರೈತ ಖಾಸಗಿ ಡೇರಿಗೆ ಹಾಕುತ್ತಾನೆ, ಈ 5 ರೂಪಾಯಿಗೂ ಎರವಾಗುತ್ತಾನೆ. ಸಂಘಕ್ಕೆ ಹಾಕಿದವನಾದರೂ ತಿಂಗಳುಗಟ್ಟಲೆ ಬಾಕಿಯ ದಾರಿ ಕಾದದ್ದುಂಟು.

2023ರಲ್ಲಿ ಅಮೂಲ್ ಹಾಲು ಬೆಂಗಳೂರಿಗೆ ಬರುತ್ತದೆಂದು ಗದ್ದಲವೆದ್ದಾಗ ಧುರೀಣರೆಲ್ಲ ನಂದಿನಿಯ ಭಕ್ತರಾದರು. ಚೀಲದ ಮೇಲಿನ ಹೆಸರಿನ ಬಗ್ಗೆ ಭಾಷಣವಾಯಿತು. ಹಳ್ಳಿಯ ಸಂಘದ ಅಳತೆಯ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ.

ಆ ಅಮೂಲ್ ಹುಟ್ಟಿದ್ದಾದರೂ ಹೇಗೆ? 1945ರಲ್ಲಿ ಮುಂಬಯಿ ಸರಕಾರ ಪಟ್ಟಣಕ್ಕೆ ಹಾಲು ಒದಗಿಸುವ ಯೋಜನೆ ಹೂಡಿ, ಗುಜರಾತಿನ ಖೇಡಾ ಜಿಲ್ಲೆಯ ಹಾಲು ಕೊಳ್ಳುವ ಹಕ್ಕನ್ನು ಪೋಲ್ಸನ್ ಕಂಪನಿಗೆ ಒಪ್ಪಿಸಿತು. 1946ರಲ್ಲಿ ಅಲ್ಲಿಯ ರೈತರು ಹದಿನೈದು ದಿನ ಹಾಲು ಹಾಕಲಿಲ್ಲ. ಸರಕಾರ ಬಾಗಿತು. ತ್ರಿಭುವನದಾಸ ಪಟೇಲರ ಮುಂದಾಳುತನದಲ್ಲಿ ರೈತರದೇ ಸಂಘ ನಿಂತಿತು. ವರ್ಗೀಸ್ ಕುರಿಯನ್‌ರಂಥ ತಜ್ಞರು ಅದರ ನೌಕರರಾಗಿ ಬಂದರು. ಯಂತ್ರ ಆಮೇಲೆ ಬಂತು, ಒಡೆತನ ಮೊದಲು ಬಂತು. ನಮ್ಮಲ್ಲಿ ಯಂತ್ರ ಬಂದಿದೆ. ಒಡೆತನ ಕಾಗದದ ಮೇಲೆ ಉಳಿದಿದೆ. ಕಾರಖಾನೆ, ಬ್ಯಾಂಕು, ಹಾಲಿನ ಸಂಘ ಮೂರರ ಗಾದಿಯೂ ಒಂದೇ ಮನೆತನಕ್ಕಾದರೆ ಅಲ್ಲಿ ಪ್ರಶ್ನೆ ಕೇಳುವ ಧೈರ್ಯ ಯಾರಿಗಿದ್ದೀತು?

ನಮ್ಮ ಬೇಡಿಕೆಗಳು ಇಷ್ಟೇ:

1. ತೂಕ ಮತ್ತು ಅಳತೆ ಇಲಾಖೆ ಹಾಲಿನ ತಕ್ಕಡಿ, ಯಂತ್ರ ಎರಡನ್ನೂ ಪರೀಕ್ಷಿಸಿ ಮುದ್ರೆ ಒತ್ತಲಿ.
2. ಪರೀಕ್ಷೆ ಹಾಲು ಹಾಕುವವರ ಕಣ್ಣೆದುರು ನಡೆಯಲಿ. ಫ್ಯಾಟ್, ಡಿಗ್ರಿ, ದರ ಬರೆದ ಚೀಟಿ ಕೈಗೆ ಸಿಗಲಿ.
3. ಸಂಶಯ ಬಂದರೆ ಗರ್ಬರ್ ಪದ್ಧತಿಯ ಮರುಪರೀಕ್ಷೆಯ ಹಕ್ಕಿರಲಿ.
4. ಪ್ರೋತ್ಸಾಹಧನ ತಿಂಗಳು ತಪ್ಪದೆ ಬರಲಿ.
5. ಹಾಲು ಹಿಂಡುವ ಹೆಣ್ಣುಮಕ್ಕಳ ಹೆಸರಿನಲ್ಲೇ ಸದಸ್ಯತ್ವವಿರಲಿ.

1981ರಲ್ಲಿ ತಂಬಾಕಿಗೆ ಯೋಗ್ಯ ಬೆಲೆ ಕೇಳಿ ನಿಪ್ಪಾಣಿಯ ರೈತರು ಹೆದ್ದಾರಿಯಲ್ಲಿ ಕುಳಿತರು, ಗುಂಡಿಗೆ ಎದೆಯೊಡ್ಡಿದರು. ನಾವು ಇಂದು ಕೇಳುವುದು ನ್ಯಾಯದ ಅಳತೆ, ಅಷ್ಟೇ. ಚಿಕ್ಕೋಡಿ, ರಾಯಬಾಗ, ಕಾಗವಾಡದ ಬಂಧುಗಳೇ, ನಿಮ್ಮೂರ ಸಂಘದ ಮುಂದಿನ ಸರ್ವಸಾಧಾರಣ ಸಭೆಗೆ ತಪ್ಪದೆ ಹೋಗಿರಿ. ಎದ್ದು ನಿಂತು ಕೇಳಿರಿ: ಮುದ್ರೆ ಎಲ್ಲಿ?